ಸಾಹೇಬರು ಮೆಚ್ಚಿದ ಪಾಠ

ಹೊಳೆನರಸೀಪುರ
೭-೩-೧೯೪೦, ಗುರುವಾರ

ಪ್ರೀತಿಯ ಪ್ರೇಮಾ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತ ನನ್ನನ್ನು ಚೆನ್ನಾಗಿ ಬೈದುಕೊಂಡಿರುತ್ತೀಯೆ. ಇನ್ನೂ ಒಂದಷ್ಟು ಬೈಗುಳ ಮಿಕ್ಕಿದ್ದರೆ ಇಟ್ಟುಕೊಂಡಿರು, ಈ ಕಾಗದ ಓದಿ ಮುಗಿಸುವ ಹೊತ್ತಿಗೆ ಬೇಕಾಗುತ್ತದೆ. ನಾನೂ ಅಮ್ಮನೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಚನ್ನರಾಯಪಟ್ಟಣದಿಂದ ಅಣ್ಣ ತಂದುಕೊಟ್ಟ ಎಣ್ಣೆಗೆ ಸ್ವಲ್ಪ ಬಗ್ಗಿದೆ. ನಿನ್ನ ಬಸವರಾಜು ನಡೆಯಲು ಕಲಿತನೆಂದು ಓದಿ ಹೇಳಿದೆ. "ಪಾಪ, ಇನ್ಮೇಲೆ ಪ್ರೇಮ ಸ್ಕೂಲಿಗೆ ಹೋಗೋದೇ ಅವಳಿಗೆ ವಿಶ್ರಾಂತಿ" ಎಂದು ಅಮ್ಮ ನಕ್ಕರು.

ನೀನು ಕೇಳಿದ್ದು ಆ ಪಾಠದ ವಿಷಯ. ಇನ್‌ಸ್ಪೆಕ್ಟರ್ ಸಾಹೇಬರು ನಿಮ್ಮ ಅರಕಲಗೂಡಿನ ಶಾಲೆಗೂ ಬಂದು, "ಹೊಳೆನರಸೀಪುರದ ಮರುದೇವಮ್ಮನ ಹಾಗೆ ಪಾಠ ಮಾಡಿ" ಎಂದರಂತೆ. ಏನು ಮಾಡಿದೆ, ಒಂದೂ ಬಿಡದೆ ಬರೆ, ನಾನೂ ಹಾಗೇ ಮಾಡುತ್ತೇನೆ ಎಂದಿದ್ದೀಯೆ. ಅದೇ ಕಾಗದದ ಕೊನೆಯಲ್ಲಿ, ನಿಮ್ಮ ಶಾಲೆಯಲ್ಲಿ ಈಗ ಎಲ್ಲ ಮಕ್ಕಳೂ ಒಂದೇ ಹಂಡೆಯ ನೀರು ಕುಡಿಯುತ್ತಾರೆ ಎಂದೂ ಬರೆದಿದ್ದೀಯೆ, ಅದೇನು ಮಹಾ ಎಂಬಂತೆ. ಟ್ರೈನಿಂಗಿನಲ್ಲಿದ್ದಾಗ ಒಂದೇ ಕೋಣೆಯಲ್ಲಿ ಮಲಗಿಕೊಂಡು ನಾವಿಬ್ಬರೂ ಆಡಿದ ಮಾತು ಅದು. ಆಗ ಹೆಚ್ಚು ಮಾತನಾಡಿದವಳು ನಾನು. ಮಾಡಿದವಳು ನೀನು. ಅದನ್ನು ಓದಿದ ದಿನವೇ ಉತ್ತರ ಬರೆಯಲು ಕೂತೆ, ಎರಡು ಸಾಲು ಬರೆದು ಹರಿದುಹಾಕಿದೆ.

ಪಾಠ ಇಂಗ್ಲಿಷ್ ವ್ಯಾಕರಣದ್ದು. ಕ್ರಿಯಾಪದದಿಂದ ಹುಟ್ಟಿದ ಪಾರ್ಟಿಸಿಪಲ್ಲು ನಾಮಪದದ ಪಕ್ಕ ನಿಂತು ಗುಣ ಹೇಳುವುದು. ನಮ್ಮ ಹುಡುಗಿಯರು ಮನೆಯಲ್ಲಿ ದಿನ ಬೆಳಗಾದರೆ ಕುದಿಯುವ ನೀರು, ಕುದಿದ ನೀರು, ಉರಿಯುವ ಒಲೆ, ಹರಿದ ಸೀರೆ ಎನ್ನುತ್ತಲೇ ಇರುತ್ತಾರೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಎಂದರೆ ನಾಲಗೆ ಬಿದ್ದುಹೋಗುತ್ತದೆ. ಪುಸ್ತಕದಲ್ಲಿ ಕೊಟ್ಟಿರುವುದು ಬೀಳುವ ಹಿಮ, ಮುಳುಗಿದ ಹಡಗು. ಹಿಮವನ್ನು ನಾನೇ ಕಂಡಿಲ್ಲ, ಹೇಮಾವತಿಯಲ್ಲಿ ಹಡಗು ಬರುವುದಿಲ್ಲ. ಅದಕ್ಕೇ ಕಣ್ಣೆದುರಿಗೆ ಮಾಡಿ ತೋರಿಸೋಣವೆಂದು ತರಗತಿಗೆ ಒಂದು ಇದ್ದಿಲ ಒಲೆ, ಸಂತೆಯಿಂದ ಒಂದು ಹೊಸ ಮಡಕೆ ತರಿಸಿದೆ. ಒಲೆಯ ಮೇಲಿರುವಾಗ ಬಾಯ್ಲಿಂಗ್ ವಾಟರ್, ಇಳಿಸಿದ ಮೇಲೆ ಬಾಯ್ಲ್ಡ್ ವಾಟರ್. ನಮ್ಮ ಹೆಡ್‌ಮಿಸ್ಟ್ರೆಸ್ ಸುವರ್ಣಮ್ಮನವರ ಕೈಬಿಗಿ ನಿನಗೆ ಗೊತ್ತಲ್ಲ. "ಇದ್ದಲು ದಂಡ ಆಗೋದು ಬೇಡ ಕಣ್ರೀ ಮರುದೇವಿ, ಅದೇ ನೀರಲ್ಲಿ ಸಾಹೇಬರಿಗೆ ಕಾಫಿ ಮಾಡಿಬಿಡೋಣ" ಎಂದರು. ಪಕ್ಕದ ಕೋಣೆಯಲ್ಲಿ ಕಾಫಿಪುಡಿ, ಹಾಲು, ಅವರ ಮನೆಯ ಬೆಳ್ಳಿ ಲೋಟ ಎಲ್ಲ ಸಿದ್ಧವಾಗಿತ್ತು.

ಇನ್‌ಸ್ಪೆಕ್ಷನ್ ಪಾಠವೆಂದರೆ ನಾಟಕದ ತಾಲೀಮಿಗಿಂತ ಏನೂ ಕಡಿಮೆಯಲ್ಲ. ಒಂದು ವಾರ ಅದನ್ನೇ ಮಾಡಿಸಿದೆ. ಏನು ಕೇಳಿದರೂ ಎಲ್ಲರೂ ಕೈ ಎತ್ತಬೇಕು, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನಗಬೇಡ, ನೀನೂ ಮಾಡಿಸಿರುತ್ತೀಯೆ. ಮಡಕೆ ಇಳಿಸುವ ದೊಡ್ಡ ಪಾತ್ರ ಅಂಗಡಿ ಚಂದ್ರಶೇಖರಯ್ಯನವರ ಮಗಳು ಗಂಗಾಂಬಿಕೆಗೆ. ಅವಳಿಗೆ ಪಾಪ ಬಾಯ್ಲಿಂಗಿಗೂ ಬಾಯ್ಲ್ಡಿಗೂ ವ್ಯತ್ಯಾಸ ಕೊನೆಯ ದಿನದವರೆಗೂ ಹತ್ತಲಿಲ್ಲ, ಆದರೆ ಜರಿಯಂಚಿನ ಲಂಗ ಇತ್ತು.

ರೇವಮ್ಮನಿಗೆ ಯಾವ ಪಾತ್ರವನ್ನೂ ಕೊಟ್ಟಿರಲಿಲ್ಲ. ರೇವಮ್ಮ ಊರಾಚೆಯ ಹರಿಜನ ಕೇರಿಯಿಂದ ಬರುವ ಹುಡುಗಿ. ಸೇರಿಸಿಕೊಳ್ಳಲೇಬೇಕೆಂದು ಸರ್ಕಾರದ ಆಜ್ಞೆ ಬಂದ ಮೇಲೆ ಸೇರಿಸಿಕೊಂಡೆವು, ಬಾಗಿಲ ಹತ್ತಿರ ಬೇರೆ ಚಾಪೆ ಹಾಕಿದೆವು. ಹಾಕಿಸಿದ್ದು ಸುವರ್ಣಮ್ಮನವರು, ತೆಗೆಯದೆ ಇದ್ದದ್ದು ನಾನು. ವಾರವಿಡೀ ಅವಳು ಆ ಚಾಪೆಯ ಮೇಲಿಂದಲೇ ತುಟಿ ಅಲ್ಲಾಡಿಸುತ್ತ ಎಲ್ಲವನ್ನೂ ಕಲಿತಿದ್ದಳು. ನಾನು ಕಂಡೂ ಕಾಣದ ಹಾಗಿದ್ದೆ.

ಆ ದಿನ ಸಾಹೇಬರು ಬಂದರು. ಒಂದೆರಡು ಪ್ರಶ್ನೆ ಕೇಳುವಷ್ಟರಲ್ಲೇ ಅವರಿಗೆ ನಮ್ಮ ತಾಲೀಮಿನ ವಾಸನೆ ಹತ್ತಿರಬೇಕು. ಗಂಗಾಂಬಿಕೆ ಎದ್ದು ನಿಂತರೆ, "ನೀ ಕೂತ್ಕೊಳ್ಳಮ್ಮ, ಬಾಗಿಲ ಹತ್ರ ಇರೋ ಆ ಹುಡುಗಿ ಬರಲಿ" ಎಂದರು.

ರೇವಮ್ಮ ಎದ್ದು ಬಂದ ರೀತಿಯನ್ನು ನೀನು ನೋಡಬೇಕಿತ್ತು. ಯಾರೋ ಹಬ್ಬಕ್ಕೆ ಕರೆದ ಹಾಗೆ ಬಂದಳು. "ಸಾ, ದಿಸ್ ಈಸ್ ಬಾಯ್ಲಿಂಗ್ ವಾಟರ್" ಎಂದಳು. ಒಲೆಯ ಪಕ್ಕದಲ್ಲಿದ್ದ ಬಟ್ಟೆಯಿಂದ ಮಡಕೆಯ ಕಂಠ ಹಿಡಿದು ಇಳಿಸಿದಳು. ಗುಳ್ಳೆ ಅಡಗುವವರೆಗೂ ಸಾಹೇಬರನ್ನೂ ಕಾಯಿಸಿ, "ನೌ, ಬಾಯ್ಲ್ಡ್ ವಾಟರ್" ಎಂದಳು. ಸಾಹೇಬರು ಮನಸಾರೆ ನಕ್ಕರು. ಅವಳು ಮಡಕೆಯನ್ನು ಎತ್ತಿ, ಇನ್ನೇನು ಮಾಡಲಿ ಎಂಬಂತೆ ನನ್ನ ಕಡೆ ತಿರುಗಿದಳು.

ಸುವರ್ಣಮ್ಮನವರು ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಆ ನೀರಲ್ಲಿ ಕಾಫಿ ಮಾಡುವ ಹಾಗಿಲ್ಲ, ಮಾಡುವ ಹಾಗಿಲ್ಲ ಎಂದು ಸಾಹೇಬರೆದುರಿಗೆ ಹೇಳುವ ಹಾಗೂ ಇಲ್ಲ. ನಾನು ಸೆರಗಿನಿಂದ ಮಡಕೆಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಕೈಬಿಟ್ಟೆ. ಜಾರಲಿಲ್ಲ ಪ್ರೇಮಾ, ಬಿಟ್ಟೆ. ಹಿತ್ತಾಳೆಯದಾಗಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಿದರಾಯಿತು, ಮಣ್ಣಿನದಾದರೆ ಒಡೆಯಬೇಕು ಎಂದು ನನಗೆ ಯಾರೂ ಕೂರಿಸಿಕೊಂಡು ಪಾಠ ಮಾಡಿರಲಿಲ್ಲ. ನನ್ನ ಕೈಗೆ ಅದು ತಾನಾಗಿ ಗೊತ್ತಿತ್ತು.

ನಾಲಗೆಯೂ ಕೈಯಷ್ಟೇ ಚುರುಕು. ಒಂದು ಕ್ಷಣವೂ ತಡೆಯದೆ ಚೂರುಗಳನ್ನು ತೋರಿಸಿ, "ವಾಟ್ ಈಸ್ ದಿಸ್, ಚಿಲ್ಡ್ರನ್?" ಎಂದು ಕೇಳಿದೆ. "ಬ್ರೋಕನ್ ಪಾಟ್!" ಎಂದು ತರಗತಿಯೆಲ್ಲ ಕೂಗಿತು. ರೇವಮ್ಮನ ಪಾದದ ಮೇಲೆ ಬಿಸಿನೀರು ಸಿಡಿದಿತ್ತು. ಅವಳೂ ಅವರ ಜೊತೆ ಕೂಗಿದಳು.

ಸಾಹೇಬರಿಗೆ ಹಿಡಿಸಲಾರದಷ್ಟು ಸಂತೋಷ. ಪಾಠಕ್ಕೋಸ್ಕರ ಮಡಕೆಯನ್ನೇ ಒಡೆದ ಉಪಾಧ್ಯಾಯಿನಿಯನ್ನು ಈ ಜಿಲ್ಲೆಯಲ್ಲಿ ಕಂಡಿಲ್ಲವೆಂದು ವರದಿಯಲ್ಲಿ ಬರೆದರು. ಪಕ್ಕದ ಮನೆಯಿಂದ ನೀರು ತಂದು ಕಾಫಿ ಮಾಡಿದ್ದಾಯಿತು, ಅವರು ಕುಡಿದದ್ದೂ ಆಯಿತು. ಒಡೆದ ಮಡಕೆ ಎಂದರೆ ಒಡೆದವರು ಯಾರೆಂದು ಹೇಳಬೇಕಾಗಿಲ್ಲ ನೋಡು. ಪಾಠ ಮಾಡುವಾಗ ಅದು ನನಗೆ ಹೊಳೆದಿರಲಿಲ್ಲ. ಆ ವರದಿಯ ಫಲವಾಗಿ ಜೂನ್ ತಿಂಗಳಿಂದ ನನಗೆ ಹಾಸನದ ಹೈಸ್ಕೂಲಿಗೆ ವರ್ಗ. ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದರು. ನಾನೂ ಹಲ್ಲು ಬಿಟ್ಟುಕೊಂಡು ನಿಂತಿದ್ದೆ.

ಮರುದಿನ ರೇವಮ್ಮ ಶಾಲೆಗೆ ಬರಲಿಲ್ಲ. ವಾರ ಕಳೆಯಿತು, ಆಗಲೂ ಬರಲಿಲ್ಲ. ಕಾಲಲ್ಲಿ ಬೊಬ್ಬೆ ಎದ್ದಿರಬೇಕು, ವಾಸಿಯಾದರೆ ಬರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡು ದಿನ ತಳ್ಳಿದೆ. ಹಾಸನದ ಆರ್ಡರು ಕೈಗೆ ಬಂದ ಮೇಲೆ ಮಾತ್ರ ಸುಮ್ಮನೆ ಕೂರಲು ಆಗಲಿಲ್ಲ. ಹೋದ ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಈ ಊರಿಗೆ ಬಂದು ಇಷ್ಟು ವರ್ಷವಾದರೂ ಆ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು.

ಅವಳ ತಾಯಿ ದೊಡ್ಡತಾಯಮ್ಮ ನನ್ನನ್ನು ಕಂಡು ಗಾಬರಿಯಾದಳು. "ಅಯ್ಯೋ ಅಕ್ಕೋರೆ, ಇಲ್ಲೀಗಂಟ ಬಂದ್ರಾ? ಯೋಳುದ್ಲು ಕಣ್ರವ್ವಾ, ಯೋಳುದ್ಲು. ಕೈ ಜಾರಿ ಮಡ್ಕೆ ಒಡ್ದಾಕ್ಬುಟ್ಟೆ ಕಣವ್ವ ಅಂದ್ಲು. ದೊಡ್ಡೋರು ಬಂದಿದ್ ದಿನ್ವೇ ಇಂಗ್ ಮಾಡ್ಬುಟ್ಟವ್ಳೆ. ಒಟ್ಟೆಗಾಕ್ಕಳಿ. ಸ್ಕೂಲಿಂದ ಎಸ್ರು ಮಾತ್ರ ತಗ್ದ್‌ಬುಡ್ಬ್ಯಾಡಿ, ಅವ್ರಪ್ಪ ಆಗ್ಲೇ ಗೌಡ್ರ ಮನೆ ಕೂಲಿಗೆ ಕಳ್ಸಾನ ಅಂತ ಕುಂತವ್ನೆ" ಎಂದು ಕೈ ಮುಗಿದಳು.

ಹುಡುಗಿ ಮನೆಯಲ್ಲಿ ತಾನೇ ಒಡೆದೆ ಎಂದು ಹೇಳಿದ್ದಳು! ಗೋಡೆಗೊರಗಿ ಕೂತು ನನ್ನನ್ನೇ ನೋಡುತ್ತಿದ್ದಳು. ಪಾದದ ಮೇಲೆ ಯಾವುದೋ ಸೊಪ್ಪು ಅರೆದು ಹಚ್ಚಿದ್ದರು. ಒಡೆದದ್ದು ನಾನು ಎಂದು ಹೇಳಲೆಂದೇ ಹೋಗಿದ್ದೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆ ತಾಯಿ ನನಗೆ ಕೈ ಮುಗಿದಾಗ, "ಹೋಗಲಿ ಬಿಡಮ್ಮ, ಮಕ್ಕಳ ಕೈಲಿ ಆಗುತ್ತೆ" ಎಂದೆ. ಹೌದು, ಹಾಗೇ ಎಂದೆ. ಅವಳ ತಪ್ಪನ್ನು ನಾನು ಕ್ಷಮಿಸಿ ಬಂದೆ.

ಒಂದೇ ಒಂದು ಒಳ್ಳೆಯ ಕೆಲಸ ಮಾಡಿದೆ, ಅದನ್ನಾದರೂ ನಿನಗೆ ಬರೆಯುತ್ತೇನೆ. "ಬಾಯಾರಿಕೆ ಆಗಿದೆ, ಒಂದಿಷ್ಟು ನೀರು ಕೊಡಿ" ಎಂದು ನಾನೇ ಕೇಳಿದೆ. ದೊಡ್ಡತಾಯಮ್ಮ ನಂಬದೆ ನಿಂತಳು, ಆಮೇಲೆ ಚೊಂಬನ್ನು ಬೂದಿ ಹಾಕಿ ಬೆಳಗಿ ನೀರು ತಂದಳು. ಅವರೆದುರಿಗೇ ಗಟಗಟನೆ ಕುಡಿದುಬಿಟ್ಟೆ. ನೀನಿದ್ದಿದ್ದರೆ ಬೆನ್ನು ತಟ್ಟುತ್ತಿದ್ದೆ. ಶಾಲೆಗೆ ಬರುತ್ತೀಯಾ ಎಂದು ಕೇಳಿದರೆ ರೇವಮ್ಮ, "ಸೋಮ್ವಾರದಿಂದ ಬತ್ತೀನಿ ಅಕ್ಕೋರೆ" ಎಂದಳು. ಮನಸ್ಸು ಸ್ವಲ್ಪ ಹಗುರವಾಯಿತು.

ನೀನು ಈ ಪಾಠ ಮಾಡುವುದಾದರೆ ಉರಿಯುವ ದೀಪ, ಹರಿದ ಕಾಗದ ಇಷ್ಟೇ ಸಾಕು. ಯುಗಾದಿಗೆ ಈ ಕಡೆ ಬಂದರೆ ಅಮ್ಮ ನಿನಗೆಂದು ಎತ್ತಿಟ್ಟಿರುವ ಸಂಡಿಗೆ ಕೊಡುತ್ತಾರೆ. ನಿಮ್ಮ ಯಜಮಾನರು ಈಶ್ವರಯ್ಯನವರಿಗೆ ನನ್ನ ನಮಸ್ಕಾರ ಹೇಳು. ಬಸವರಾಜು ಬಿದ್ದು ಎದ್ದು ಗಟ್ಟಿಯಾಗಿ ಬೆಳೆಯಲಿ, ನಿನ್ನಂಥ ಮನಸ್ಸು ಅವನಿಗೆ ಬರಲಿ ಎಂದು ಹರಸುತ್ತೇನೆ.

ನಿನ್ನ
ಮರುದೇವಿ

ಮತ್ತೊಂದು ಮಾತು: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಡಿಸಿದ್ದೇನೆ. ನೀರು ಕುಡಿದೆನೆಂದು ಬರೆದದ್ದು ಸುಳ್ಳು. ನಿನ್ನ ಹಂಡೆಯ ವಿಷಯ ಓದಿದ ಮೇಲೆ, ನಾನೂ ಏನಾದರೂ ಮಾಡಿದೆ ಅನ್ನಿಸಿಕೊಳ್ಳಬೇಕೆಂದು ಹಾಗೆ ಬರೆದೆ. ಕೇಳಿದ್ದು ನಿಜ, ಅವಳು ತಂದುಕೊಟ್ಟದ್ದೂ ನಿಜ. ಚೊಂಬು ಕೈಯಲ್ಲಿತ್ತು. ಅಲ್ಲಿ ಸಾಹೇಬರಿರಲಿಲ್ಲ, ಸುವರ್ಣಮ್ಮನವರಿರಲಿಲ್ಲ, ಹೆದರಬೇಕಾದವರು ಒಬ್ಬರೂ ಇರಲಿಲ್ಲ. ಆದರೂ ತುಟಿಗೆ ತರಲು ಆಗಲಿಲ್ಲ. "ಮರೆತೇಬಿಟ್ಟಿದ್ದೆ ಕಣಮ್ಮ, ನಾವು ಜೈನರು ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟೋದಿಲ್ಲ" ಎಂದೆ. ಸೋಮವಾರ ಕಳೆದು ಇವತ್ತು ಗುರುವಾರ, ರೇವಮ್ಮ ಬಂದಿಲ್ಲ. ಅವಳು ಬರುವುದಿಲ್ಲವೆಂದು ನನಗೆ ಅಲ್ಲೇ ಗೊತ್ತಾಗಿತ್ತು. ನಾನು ಹಾಗೆಂದಾಗ ದೊಡ್ಡತಾಯಮ್ಮ ಹೊರಗೆ ನೋಡಿದಳು. ಅಂಗಳದಲ್ಲಿ ಒಣಹಾಕಿದ್ದ ರಾಗಿಯ ಮೇಲೆ ಇನ್ನೂ ಒಳ್ಳೆಯ ಬಿಸಿಲಿತ್ತು. ಅವಳು ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ರೇವಮ್ಮ ಕುಂಟುತ್ತ ಎದ್ದು ಬಂದಳು. "ಊಂ ಕಣವ್ವ, ಒತ್ತು ಮುಳುಗೋಯ್ತು" ಎಂದು ನನ್ನ ಕೈಯಿಂದ ಚೊಂಬನ್ನು ತೆಗೆದುಕೊಂಡು ಒಳಗಿಟ್ಟಳು.