ಗೋವಿನ ಮಹಡಿಯಲ್ಲಿ ಗದ್ದಲ

ಅಕ್ಕನಿಗೆ ನಮಸ್ಕಾರ.

ಕೆನಡಾ ದೇಶದ ಶಾಂತಿ ಕದಡಿದ ಅಪರಾಧವನ್ನು ಈ ಮೂಲಕ ಒಪ್ಪಿಕೊಳ್ಳುತ್ತಿದ್ದೇನೆ. ಸಹ ಆರೋಪಿ ನೀನು.

ಇವತ್ತು ಟೊರಾಂಟೊ ಸುತ್ತಿ, ಮಗನಿರುವ ನ್ಯೂಮಾರ್ಕೆಟ್ಟಿಗೆ ಒಬ್ಬನೇ ಹೊರಟಿದ್ದೆ. ಇಲ್ಲಿನ ರೈಲಿನ ಹೆಸರು ‘ಗೋ’. ಅದಕ್ಕೆ ಮಹಡಿ ಬೇರೆ. ಆಫೀಸಿನ ಹೊತ್ತಿನಲ್ಲಿ ಅಲ್ಲಿ ಯಾರೂ ಮಾತಾಡುವಂತಿಲ್ಲ. ಗೋವು ಮೂಕಪ್ರಾಣಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮೊಣಕಾಲು ಈಗ ಆರಾಮ, ಅದಕ್ಕೇ ಜಂಬದಿಂದ ಮೇಲೆ ಹತ್ತಿ ಕೂತೆ. ಅಷ್ಟರಲ್ಲಿ ನಿನ್ನ ಫೋನು: ‘ತಮ್ಮಾ, ಹಾದಿ ತಪ್ಪಿಸ್ಕೊಂಡೀ, ಜ್ವಾಕಿ!’

‘ಯಾರನ್ನೂ ಒಂದ ಮಾತ ಕೇಳದ ಹೊಂಟೇನಿ ಅಕ್ಕಾ! ಟೊರಾಂಟೊ ನನಗ ಅಂಗೈಯಾಗಿನ ಗೆರಿ ಇದ್ದಂಗ!’ ಎಂದು ನಾನು ಡಬ್ಬಿಯೆಲ್ಲ ಬೆಚ್ಚುವಂತೆ ಕೂಗಿದೆ.

ಹಿಂದಿನ ಸೀಟಿನ ಹುಡುಗಿ ಬಗ್ಗಿ, ಅಚ್ಚ ಬೆಳಗಾವಿ ಕನ್ನಡದಲ್ಲಿ, ‘ಕಾಕಾ, ಸಾವಕಾಶ ಮಾತಾಡ್ರಿ’ ಎಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, ‘ಇದು ನ್ಯೂಮಾರ್ಕೆಟ್ ಗಾಡಿ ಅಲ್ರಿ, ವಿಟ್ಬಿಗೆ ಹೊಂಟೈತಿ.’

ಆಗ ಫೋನು ತಾನಾಗಿ ಕಟ್ಟಾಗಲಿಲ್ಲ ಅಕ್ಕಾ, ನಾನೇ ಮಾಡಿದ್ದು. ಸದ್ಯ ವಿಟ್ಬಿ ಸ್ಟೇಶನ್ನಿನ ಬೆಂಚಿನ ಮೇಲಿದ್ದೇನೆ. ಸೊಸೆ ಬಂದು ಕರೆದೊಯ್ಯುವವರೆಗೂ ಏಳುವುದಿಲ್ಲವೆಂದು ಆ ಹುಡುಗಿ ನನ್ನಿಂದ ಆಣೆ ಮಾಡಿಸಿಕೊಂಡು ಹೋಗಿದ್ದಾಳೆ.

ತಮ್ಮ,
ನಿಜಗುಣ