ಒಂಬತ್ತು ಎಣಿಸಿದ ಮೇಲೆ

ಮಾತು ಕಲಿಸುವ ಮೇಡಂ ಅವರಿಗೆ ನಮಸ್ಕಾರ.

ಪಾರ್ಶ್ವವಾಯು ಬಡಿದ ಮೇಲೆ ನಮ್ಮ ಯಜಮಾನರು ಮನೆಯಲ್ಲಿ "ನೀರು", "ಬೇಡ" ಬಿಟ್ಟರೆ ಬೇರೇನೂ ಅಂದಿಲ್ಲ. ಮೊನ್ನೆ ನಿಮ್ಮ ಕೋಣೆಯ ಹೊರಗೆ ಕೂತಿದ್ದಾಗ ಅವರದೇ ದನಿ ಕೇಳಿಸಿತು: "ಫ್ಯಾನ್ ಸ್ವಲ್ಪ ಜೋರು ಮಾಡ್ತೀರಾ?" ಹೊಟ್ಟೆ ಉರಿದುಹೋಯಿತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಒಂಟಿ ಪದ, ನಿಮಗೆ ಪೂರ್ತಿ ವಾಕ್ಯ!

ಅವತ್ತೇ ನೀವು ಹೇಳಿದಿರಿ: "ಅವರ ಮಾತನ್ನ ನೀವೇ ಮುಗಿಸಿಬಿಡ್ತೀರಿ. ಹತ್ತು ಎಣಿಸೋವರೆಗೆ ಸುಮ್ಮನಿರಿ." ನಿನ್ನೆ ತುಟಿ ಕಚ್ಚಿಕೊಂಡು ಎಣಿಸಿದೆ. ಒಂಬತ್ತಕ್ಕೆ ಬಾಯಿಬಿಟ್ಟರು: "ಮೇಡಂ ಹತ್ರ ಮತ್ತೆ ಯಾವಾಗ ಹೋಗೋಣ?"

ನನಗೆ ಸಿಕ್ಕ ಮೊದಲ ವಾಕ್ಯ. ಅದರಲ್ಲೂ ನೀವೇ.

ಗುರುವಾರದವರೆಗೆ ಕಾಯಿಸಬೇಡಿ. ನಾಳೆಯೇ ಬಿಡುವು ಮಾಡಿಕೊಳ್ಳಿ, ಕರೆದುಕೊಂಡು ಬರುತ್ತೇನೆ.

ಇಂತಿ,
ಹೊರಗಿನ ಬೆಂಚಿನ ಮೇಲೆ ಕೂರುವವಳು