ಹನ್ನೆರಡು ಅಬ್ಬಲಿಗೆ ಸಸಿ

ಕುಮಟಾ, ೭ ಮಾರ್ಚ್ ೧೯೬೨, ಬುಧವಾರ

ಅಬ್ಬಲಿಗೆ ಸಸಿ ತಂದದ್ದೇ ತಪ್ಪಾಯಿತು.

ಗಂಡ ತೀರಿಕೊಂಡು ತವರಿಗೆ ಬಂದ ಮೇಲೆ ತಂಗಿ ಗಣಪಿ ಅಂಗಳದ ಹೂಗಿಡಗಳನ್ನು ನೋಡಿಕೊಂಡೇ ದಿನ ಕಳೆಯುತ್ತಾಳೆ. ಈ ಬಿಸಿಲಿಗೆ ಅವಳ ಗುಲಾಬಿ ಒಣಗಿತು, ಸೇವಂತಿಗೆಯೂ ಹೋಯಿತು. ಎಂಥ ಬೇಸಿಗೆಯಲ್ಲೂ ಕೆಂಡದಂತೆ ಅರಳುವುದು ಅಬ್ಬಲಿಗೆಯೇ ಎಂದು ಸಂತೆಯಿಂದ ಹನ್ನೆರಡು ಸಸಿ ಆರಿಸಿ ತಂದೆ. ಚಿಕ್ಕವಳಿದ್ದಾಗ ಅದರ ದಂಡೆಯಿಲ್ಲದೆ ಅವಳು ಶಾಲೆಗೆ ಹೊರಡುತ್ತಿರಲಿಲ್ಲ. ನನಗೆ ನೆನಪಾದದ್ದು ಅಷ್ಟೇ. ಈಗ ಅವಳು ಹೂ ಮುಡಿಯುವಂತಿಲ್ಲ ಎಂಬುದು ಈ ದಡ್ಡನಿಗೆ ಹೊಳೆಯಲೇ ಇಲ್ಲ.

ಅವಳು ಬೇಸರವನ್ನೇನೂ ತೋರಿಸಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಸಾಲಾಗಿ ನೆಟ್ಟಳು. ಕೈ ತೊಳೆಯುತ್ತ, "ಅತ್ತಿಗೆಗೆ ದಿನಾ ಒಂದು ದಂಡೆಗೆ ಆತು" ಎಂದಳು.

"ನಿಂಗೆ ಎಂತ ಬೇಕು ಹೇಳು. ಮುಂದಿನ ಸಂತೆಗೆ ತರ್ತೇನೆ."

"ಕಾಬಾಳೆ ಹೂವಿನ ಗಡ್ಡೆ ತಾ ಅಣ್ಣಾ. ಕೆಂಪು, ಹಳದಿ ಎರಡೂ ಇರಲಿ. ಅದನ್ನ ಯಾರೂ ಮುಡಿಯೂದಿಲ್ಲ."

ಅಮ್ಮ ಜಗಲಿಯಲ್ಲೇ ಕೂತಿದ್ದಳು. ನನ್ನ ಹೆಂಡತಿ ಬಾಗಿಲಲ್ಲಿ ನಿಂತವಳು ಮುಡಿದ ಹೂವಿನ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋದಳು. "ನೀನೂ ಮುಡಿ" ಎಂದು ಗಣಪಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ದಿನವಿಡೀ ಮಕ್ಕಳಿಗೆ ಪಾಠ ಹೇಳುವ ಬಾಯಿ ಇದು.

ಆ ಸಸಿಗಳನ್ನೆಲ್ಲ ಕಿತ್ತೆಸೆಯಬೇಕು ಅನಿಸುತ್ತಿದೆ. ಆದರೆ ಊಟಕ್ಕೆ ಮೊದಲು ಅವಳು ಮತ್ತೆ ಅಲ್ಲಿಗೆ ಹೋಗಿದ್ದಳು. ನಾಳೆಯ ಬಿಸಿಲಿಗೆ ಬಾಡಬಾರದೆಂದು ತೆಂಗಿನ ಗರಿ ಮುರಿದು ನೆರಳು ಮಾಡಿ ಬಂದಿದ್ದಾಳೆ, ಒಂದೊಂದಕ್ಕೂ ಬೇರೆ ಬೇರೆಯಾಗಿ.